ಜಾಲವಿವರಗಳ ಗ್ರಹಣವೂ ಸಂಜ್ಞಾಕರಣವೂ: ಶೆಲ್ ಸ್ಕ್ರಿಪ್ಟಿನಲ್ಲಿ ಪ್ರಮಾಣಬಲಾಬಲ ವಿಚಾರ

೧. ವಿಷಯನಿರ್ದೇಶ

ಜಾಲಕ್ಕೆ ಸೇರಿದ ಪ್ರತಿಯೊಂದು ಗಣಕಯಂತ್ರಕ್ಕೂ ಕೆಲವು ವಿವರಗಳು ಅವಶ್ಯವಾಗಿ ಇದ್ದೇ ಇರುತ್ತವೆ. ಯಂತ್ರವು ಜಾಲವನ್ನು ಮುಟ್ಟುವ ಮುಖವು ಯಾವುದು, ಆ ಮುಖಕ್ಕೆ ಕೊಟ್ಟ ವಿಳಾಸವು ಯಾವುದು, ಆ ವಿಳಾಸದಲ್ಲಿ ಎಷ್ಟು ಭಾಗವು ಜಾಲವನ್ನು ಸೂಚಿಸುತ್ತದೆ, ಹೊರಗಿನ ಜಾಲಗಳಿಗೆ ಹೋಗತಕ್ಕುದನ್ನು ಯಾರ ಕೈಗೆ ಒಪ್ಪಿಸಬೇಕು, ಹೆಸರನ್ನು ಕೊಟ್ಟರೆ ವಿಳಾಸವನ್ನು ತಿಳಿಸುವವರು ಯಾರು ಎಂಬೀ ಐದು ಮುಖ್ಯವಾದವು. ವ್ಯವಹಾರದಲ್ಲಿ ಇವುಗಳಿಗೆ ಕ್ರಮವಾಗಿ ಇಂಟರ್‌ಫೇಸ್, ಐಪಿ ವಿಳಾಸ, ನೆಟ್‌ಮಾಸ್ಕ್, ಗೇಟ್‌ವೇ, ನೇಮ್‌ಸರ್ವರ್ ಎಂಬ ಹೆಸರುಗಳು ರೂಢವಾಗಿವೆ.

ಒಂದೇ ಯಂತ್ರವನ್ನು ನೋಡಿಕೊಳ್ಳುವವನು ಇವನ್ನು ಕಣ್ಣಿನಿಂದ ಓದಿ ಕೈಯಿಂದ ಬರೆದುಕೊಳ್ಳಬಹುದು. ನೂರು ಯಂತ್ರಗಳ ಪಾಲಕನಿಗೆ ಅದು ಸಾಧ್ಯವಲ್ಲ. ಆತನು ಆಜ್ಞೆಗಳ ಒಂದು ಸರಣಿಯನ್ನು ಬರೆದಿಟ್ಟು ಅದನ್ನೇ ಪ್ರತಿಯೊಂದು ಯಂತ್ರದಲ್ಲಿಯೂ ನಡೆಯಿಸುತ್ತಾನೆ. ಈ ಸರಣಿಗೆ ಶೆಲ್ ಸ್ಕ್ರಿಪ್ಟು ಎಂದು ಹೆಸರು. ಇದು ಯಂತ್ರವನ್ನು ಪ್ರಶ್ನಿಸಿ, ಬಂದ ಉತ್ತರದಿಂದ ಬೇಕಾದ ಅಂಶವನ್ನು ಮಾತ್ರ ಬೇರ್ಪಡಿಸಿ, ಅದಕ್ಕೆ ಒಂದು ಹೆಸರನ್ನು ಇಡುತ್ತದೆ. ಬೇರ್ಪಡಿಸುವುದು ಗ್ರಹಣ, ಹೆಸರಿಡುವುದು ಸಂಜ್ಞಾಕರಣ. ಹಾಗೆ ಹೆಸರಿಟ್ಟ ಪಾತ್ರಕ್ಕೆ ವೇರಿಯಬಲ್ ಅಥವಾ ಚರವೆಂದು ಹೆಸರು. ಏಕೆಂದರೆ ಹೆಸರು ಸ್ಥಿರವಾಗಿದ್ದರೂ ಒಳಗಿನ ಮೌಲ್ಯವು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತದೆ. ಪಾಣಿನಿಯು ವೃದ್ಧಿ, ಗುಣ ಮೊದಲಾದ ಸಂಜ್ಞೆಗಳನ್ನು ವಿಧಿಸಿಕೊಂಡು ಆಮೇಲೆ ಅವುಗಳ ಮೂಲಕ ಕಾರ್ಯಗಳನ್ನು ಹೇಳಿದಂತೆ, ಸ್ಕ್ರಿಪ್ಟಿನಲ್ಲಿಯೂ ಸಂಜ್ಞೆಯು ಮೊದಲು, ಕಾರ್ಯವು ಅನಂತರ. ಸಂಜ್ಞೆಯು ತಪ್ಪಿದರೆ ಮುಂದಿನ ಕಾರ್ಯಗಳೆಲ್ಲವೂ ತಪ್ಪುತ್ತವೆ.

ಇದಕ್ಕೆ ಬೇಕಾದ ಸಾಧನಗಳು ಹೊಸವಲ್ಲ. ಒಂದು ಆಜ್ಞೆಯ ಉತ್ತರವನ್ನು ಮತ್ತೊಂದು ಆಜ್ಞೆಗೆ ಹರಿಯಿಸುವ ಪೈಪ್ ಎಂಬ ನಾಳವು ಮೆಕ್‌ಇಲ್ರಾಯ್ ಎಂಬವರ ಸೂಚನೆಯಂತೆ ೧೯೭೩ರಲ್ಲಿ ಯೂನಿಕ್ಸ್ ವ್ಯವಸ್ಥೆಗೆ ಸೇರಿತು. ಸಾಲುಗಳನ್ನು ಪದಗಳಾಗಿ ವಿಭಜಿಸಿ ನೋಡುವ ಆಕ್ ಎಂಬ ಭಾಷೆಯು ೧೯೭೭ರಲ್ಲಿ ಹುಟ್ಟಿತು. ಏಹೋ, ವೈನ್‌ಬರ್ಗರ್, ಕರ್ನಿಹನ್ ಎಂಬ ಮೂವರು ಕರ್ತೃಗಳ ಹೆಸರಿನ ಮೊದಲಕ್ಷರಗಳೇ ಅದರ ಹೆಸರಾಗಿವೆ. ೧೯೭೯ರಲ್ಲಿ ಯೂನಿಕ್ಸಿನ ಏಳನೆಯ ಆವೃತ್ತಿಯೊಡನೆ ಬಂದ ಸ್ಟೀಫನ್ ಬೋರ್ನ್ ಎಂಬವರ ಶೆಲ್ಲಿನಲ್ಲಿ ಆಜ್ಞೆಯ ಉತ್ತರವನ್ನೇ ಚರದಲ್ಲಿ ತುಂಬುವ ಕ್ರಮವು ಕಾಣುತ್ತದೆ. ಇಂದು ಬಹಳವಾಗಿ ಬಳಕೆಯಲ್ಲಿರುವ ಬ್ಯಾಶ್ ಎಂಬ ಶೆಲ್ ೧೯೮೯ರದು.

ಸಾಧನಗಳು ಹಳೆಯವಾದರೂ ಅವನ್ನು ಪ್ರಯೋಗಿಸುವ ಕ್ರಮದಲ್ಲಿ ವಿವೇಕವು ಅವಶ್ಯಕ. ಯಂತ್ರದ ಉತ್ತರದಲ್ಲಿ ಬೇಕಾದ ಅಂಶವು ಇದೇ ಎಂದು ಯಾವ ಪ್ರಮಾಣದಿಂದ ನಿಶ್ಚಯಿಸಬೇಕು? ನಿಶ್ಚಯಿಸಿದ ಅಂಶವನ್ನು ಹೇಗೆ ಕಾಪಾಡಬೇಕು? ಈ ಎರಡು ಪ್ರಶ್ನೆಗಳೇ ಪ್ರಕೃತ ವಿಚಾರಕ್ಕೆ ವಿಷಯ. ಉದಾಹರಣೆಗಳಲ್ಲಿ ಬರುವ ಆಜ್ಞೆಗಳೂ ಉತ್ತರಗಳೂ ಯಂತ್ರದಲ್ಲಿ ರೋಮನ್ ಲಿಪಿಯಲ್ಲಿಯೇ ಇರುತ್ತವೆ. ಇಲ್ಲಿ ಉಚ್ಚಾರಣೆಯನ್ನನುಸರಿಸಿ ಕನ್ನಡದಲ್ಲಿ ಬರೆದಿದೆ. ೧೯೨.೦.೨ ಎಂದು ಆರಂಭವಾಗುವ ವಿಳಾಸಗಳು ಗ್ರಂಥಗಳಲ್ಲಿ ದೃಷ್ಟಾಂತಕ್ಕೆಂದೇ ಮೀಸಲಾದವು. ಯಾರ ಯಂತ್ರಕ್ಕೂ ಸಂಬಂಧಿಸಿದವಲ್ಲ.

೨. ಲಕ್ಷಣದೋಷಗಳು

ಗ್ರಹಣವೆಂದರೆ ಒಂದು ಲಕ್ಷಣವನ್ನು ಹೇಳುವುದು. ‘ಇಂತಹ ಗುರುತುಳ್ಳುದೇ ವಿಳಾಸ’ ಎಂದು ಸ್ಕ್ರಿಪ್ಟು ಯಂತ್ರಕ್ಕೆ ತಿಳಿಸಬೇಕು. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ತಾರ್ಕಿಕರು ಹೇಳುತ್ತಾರೆ. ಲಕ್ಷ್ಯದ ಒಂದು ಭಾಗದಲ್ಲಿ ಇಲ್ಲದಿರುವುದು ಅವ್ಯಾಪ್ತಿ. ಲಕ್ಷ್ಯವಲ್ಲದುದರಲ್ಲಿಯೂ ಇರುವುದು ಅತಿವ್ಯಾಪ್ತಿ. ಲಕ್ಷ್ಯದಲ್ಲಿ ಎಲ್ಲಿಯೂ ಇಲ್ಲದಿರುವುದು ಅಸಂಭವ. ಹಸುವಿಗೆ ಕಪಿಲವರ್ಣವನ್ನೂ, ಕೊಂಬನ್ನೂ, ಒಂದೇ ಗೊರಸನ್ನೂ ಲಕ್ಷಣವಾಗಿ ಹೇಳುವುದು ಇವಕ್ಕೆ ಕ್ರಮವಾಗಿ ಉದಾಹರಣೆಯೆಂದು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಈ ಮೂರೂ ದೋಷಗಳು ಇಫ್‌ಕಾನ್ಫಿಗ್ ಎಂಬ ಒಂದೇ ಆಜ್ಞೆಯ ಚರಿತ್ರೆಯಲ್ಲಿ ಪ್ರತ್ಯಕ್ಷವಾಗಿ ಕಾಣುತ್ತವೆ.

ಇಫ್‌ಕಾನ್ಫಿಗ್ ೧೯೮೩ರಲ್ಲಿ ಬರ್ಕ್ಲಿಯ ಯೂನಿಕ್ಸಿನೊಡನೆ ಬಂದಿತು. ಲಿನಕ್ಸ್ ಯಂತ್ರಗಳಲ್ಲಿ ಬಹುಕಾಲ ಅದರ ಉತ್ತರದ ಒಂದು ಸಾಲು ‘ಇನೆಟ್ ಅಡ್ರ್:೧೯೨.೦.೨.೨೦’ ಎಂದು ಆರಂಭವಾಗುತ್ತಿತ್ತು. ಸ್ಕ್ರಿಪ್ಟುಗಳನ್ನು ಬರೆದವರು ‘ಇನೆಟ್ ಅಡ್ರ್:’ ಎಂಬುದನ್ನೇ ಲಕ್ಷಣವಾಗಿ ಹಿಡಿದು, ಕೋಲನ್ ಚಿಹ್ನೆಯ ಮುಂದಿರುವುದನ್ನು ವಿಳಾಸವೆಂದು ಗ್ರಹಿಸಿದರು. ಆದರೆ ಯಂತ್ರದ ಭಾಷೆಯನ್ನು ಜರ್ಮನಿಗೆ ಬದಲಾಯಿಸಿದ್ದರೆ ಅದೇ ಸಾಲು ‘ಇನೆಟ್ ಆಡ್ರೆಸ್ಸೆ:’ ಎಂದೂ, ಫ್ರೆಂಚಿನಲ್ಲಿ ‘ಇನೆಟ್ ಆಡ್ರ್’ ಎಂದು ಒಂದು ಅಕ್ಷರವನ್ನು ಕಳೆದುಕೊಂಡೂ ಹೊರಡುತ್ತಿತ್ತು. ಇಂಗ್ಲಿಷ್ ಯಂತ್ರಗಳಲ್ಲಿ ಮಾತ್ರ ಇರುವ ಗುರುತನ್ನು ಎಲ್ಲ ಯಂತ್ರಗಳಿಗೂ ಲಕ್ಷಣವೆಂದದ್ದರಿಂದ ಇದು ಅವ್ಯಾಪ್ತಿ.

ಮುಂದೆ ಆ ಉಪಕರಣದ ಹೊಸ ಆವೃತ್ತಿಯಲ್ಲಿ ಸಾಲಿನ ರೂಪವೇ ಬದಲಾಯಿತು. ‘ಇನೆಟ್ ೧೯೨.೦.೨.೨೦ ನೆಟ್‌ಮಾಸ್ಕ್ ೨೫೫.೨೫೫.೨೫೫.೦’ ಎಂದಾಗಿ, ‘ಅಡ್ರ್’ ಎಂಬ ಪದವೂ ಕೋಲನ್ನೂ ಮಾಯವಾದುವು. ಹಳೆಯ ಲಕ್ಷಣವು ಹೊಸ ಉತ್ತರದಲ್ಲಿ ಎಲ್ಲಿಯೂ ಇಲ್ಲ, ಇದು ಅಸಂಭವ. ಇದನ್ನು ಸರಿಪಡಿಸಲೆಂದು ಕೆಲವರು ‘ಇನೆಟ್’ ಎಂಬ ಅಕ್ಷರಸಮೂಹವನ್ನು ಮಾತ್ರ ಲಕ್ಷಣವಾಗಿ ಇಟ್ಟರು. ಆಗ ‘ಇನೆಟ್-೬’ ಎಂದು ಆರಂಭವಾಗುವ, ಐಪಿಯ ಆರನೆಯ ಆವೃತ್ತಿಯ ವಿಳಾಸಗಳೂ, ಯಂತ್ರವು ತನ್ನೊಡನೆ ತಾನೇ ಮಾತನಾಡಿಕೊಳ್ಳಲು ಇಟ್ಟುಕೊಂಡಿರುವ ೧೨೭.೦.೦.೧ ಎಂಬ ವಿಳಾಸವೂ ಬಲೆಗೆ ಬಿದ್ದುವು. ಇದು ಅತಿವ್ಯಾಪ್ತಿ.

ಇಷ್ಟೇ ಅಲ್ಲದೆ, ೨೦೧೭ರಲ್ಲಿ ಪ್ರಕಟವಾದ ಡೆಬಿಯನ್ ೯ರಿಂದ ಮೊದಲುಗೊಂಡು ಆ ವ್ಯವಸ್ಥೆಯ ಸಾಮಾನ್ಯ ಸ್ಥಾಪನೆಯಲ್ಲಿ ಇಫ್‌ಕಾನ್ಫಿಗ್ ಸೇರಿರುವುದೇ ಇಲ್ಲ. ಅದರ ಸ್ಥಾನದಲ್ಲಿ ಐಪಿ ಎಂಬ ಆಜ್ಞೆಯು ನಿಂತಿದೆ. ಮ್ಯಾಕ್ ಯಂತ್ರಗಳಲ್ಲಿ ಇಫ್‌ಕಾನ್ಫಿಗ್ ಇದ್ದರೂ ಅದು ನೆಟ್‌ಮಾಸ್ಕನ್ನು ಹದಿನಾರರ ಮೂಲದ ಸಂಖ್ಯೆಯಲ್ಲಿ ಹೇಳುತ್ತದೆ. ಮನುಷ್ಯನ ಕಣ್ಣಿಗೆಂದು ಬರೆದ ಪಾಠವನ್ನು ಯಂತ್ರವು ಓದಹೊರಟರೆ ಇಂತಹ ತೊಡಕುಗಳು ಒದಗುವುದು ಸಹಜ. ಕಣ್ಣಿಗೆ ಅಂದವಾಗಿರಲೆಂದು ಮಾಡಿದ ಪ್ರತಿಯೊಂದು ತಿದ್ದುಪಾಡೂ ಸ್ಕ್ರಿಪ್ಟಿಗೆ ಪಾಠಾಂತರವಾಗಿ ಪರಿಣಮಿಸುತ್ತದೆ.

೩. ಪ್ರಮಾಣಗಳ ಬಲಾಬಲ

ಹಾಗಾದರೆ ನಿರ್ದುಷ್ಟವಾದ ಲಕ್ಷಣವನ್ನು ಆರಿಸುವುದು ಹೇಗೆ? ಜೈಮಿನಿಯು ಮೀಮಾಂಸಾಸೂತ್ರಗಳ ಮೂರನೆಯ ಅಧ್ಯಾಯದಲ್ಲಿ ಯಾವುದು ಯಾವುದಕ್ಕೆ ಅಂಗವೆಂಬುದನ್ನು ನಿಶ್ಚಯಿಸಲು ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳನ್ನು ಹೇಳಿ, ಅವು ಪರಸ್ಪರ ವಿರೋಧಿಸಿದಾಗ ಮುಂದುಮುಂದಿನವು ದುರ್ಬಲವೆಂದು ನಿರ್ಣಯಿಸಿದ್ದಾನೆ. ಅರ್ಥದಿಂದ ದೂರವಾದಷ್ಟೂ ಪ್ರಮಾಣವು ದುರ್ಬಲವಾಗುತ್ತದೆ ಎಂಬುದೇ ಇದಕ್ಕೆ ಕಾರಣ. ಯಜ್ಞವಿಷಯದಲ್ಲಿ ಹುಟ್ಟಿದ ಈ ವಿವೇಕವನ್ನು ಯಂತ್ರದ ಪಾಠಕ್ಕೆ ಸಾದೃಶ್ಯಮಾತ್ರದಿಂದ ಅನ್ವಯಿಸಿದರೂ, ಒಳ್ಳೆಯ ಸ್ಕ್ರಿಪ್ಟಿಗೂ ಕೆಟ್ಟ ಸ್ಕ್ರಿಪ್ಟಿಗೂ ಇರುವ ಭೇದವು ಸ್ಪಷ್ಟವಾಗುತ್ತದೆ. ದುರ್ಬಲವಾದುದರಿಂದ ಪ್ರಬಲವಾದುದರ ಕಡೆಗೆ ಹೋಗುವುದು ತಿಳಿಯಲು ಸುಲಭ.

ಎಲ್ಲಕ್ಕಿಂತ ದುರ್ಬಲವಾದುದು ಸಮಾಖ್ಯೆ, ಎಂದರೆ ಹೆಸರಿನ ಬಲದಿಂದ ಊಹಿಸುವುದು. ಯಂತ್ರದ ಮುಖ್ಯ ಇಂಟರ್‌ಫೇಸಿನ ಹೆಸರು ‘ಈಥ್-೦’ ಎಂದೇ ಇರುತ್ತದೆಂದು ಭಾವಿಸಿ ಅನೇಕ ಸ್ಕ್ರಿಪ್ಟುಗಳಲ್ಲಿ ಆ ಹೆಸರನ್ನೇ ಬರೆದಿಟ್ಟಿದ್ದರು. ೨೦೧೩ರಲ್ಲಿ ಸಿಸ್ಟಮ್‌ಡಿ ಎಂಬ ವ್ಯವಸ್ಥೆಯು ಯಂತ್ರದೊಳಗೆ ಜಾಲಪತ್ರವು ಕುಳಿತಿರುವ ಸ್ಥಳವನ್ನನುಸರಿಸಿ ಹೆಸರಿಡುವ ಹೊಸ ಕ್ರಮವನ್ನು ತಂದಿತು. ‘ಈಥ್-೦’ ಹೋಗಿ ‘ಇಎನ್‌ಪಿ-೩-ಎಸ್-೦’ ಎಂಬಂತಹ ಹೆಸರುಗಳು ಬಂದುವು. ಹೆಸರನ್ನೇ ನಂಬಿದ ಸ್ಕ್ರಿಪ್ಟುಗಳು ವ್ಯರ್ಥವಾದುವು.

ಅದಕ್ಕಿಂತ ಸ್ವಲ್ಪ ಮೇಲಾದುದು ಸ್ಥಾನ. ‘ಐಪಿ ರೂಟ್ ಷೋ ಡೀಫಾಲ್ಟ್’ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರವು ಹೀಗಿದೆ:

ಡೀಫಾಲ್ಟ್ ವಯಾ ೧೯೨.೦.೨.೧ ಡೆವ್ ಈಥ್-೦ ಪ್ರೋಟೋ ಡಿಹೆಚ್‌ಸಿಪಿ ಎಸ್‌ಆರ್‌ಸಿ ೧೯೨.೦.೨.೨೦ ಮೆಟ್ರಿಕ್ ೧೦೦

ಇದರಲ್ಲಿ ಮೂರನೆಯ ಪದವು ಗೇಟ್‌ವೇ, ಐದನೆಯದು ಇಂಟರ್‌ಫೇಸ್ ಎಂದು ಎಣಿಸಿ, ಆಕ್ ಭಾಷೆಯಲ್ಲಿ ಮೂರನೆಯದನ್ನೂ ಐದನೆಯದನ್ನೂ ತೆಗೆದುಕೊಳ್ಳುವುದು ಬಹಳ ಪ್ರಚಾರದಲ್ಲಿರುವ ಮಾರ್ಗ. ಆದರೆ ದೂರವಾಣಿಯ ತಂತಿಯಂತಹ ಎರಡೇ ತುದಿಗಳ ಸಂಪರ್ಕದಲ್ಲಿ ಗೇಟ್‌ವೇಯ ವಿಳಾಸವನ್ನು ಹೇಳುವ ಅವಶ್ಯಕತೆಯೇ ಇರುವುದಿಲ್ಲ. ಆಗ ಬರುವ ಉತ್ತರವು:

ಡೀಫಾಲ್ಟ್ ಡೆವ್ ಪಿಪಿಪಿ-೦ ಸ್ಕೋಪ್ ಲಿಂಕ್

ಸ್ಥಾನವನ್ನೇ ನಂಬಿದ ಸ್ಕ್ರಿಪ್ಟು ಇಲ್ಲಿ ‘ಪಿಪಿಪಿ-೦’ ಎಂಬ ಇಂಟರ್‌ಫೇಸನ್ನು ಗೇಟ್‌ವೇಯೆಂದೂ, ‘ಲಿಂಕ್’ ಎಂಬ ವಿಶೇಷಣವನ್ನು ಇಂಟರ್‌ಫೇಸೆಂದೂ ಗ್ರಹಿಸುತ್ತದೆ. ದೋಷವಾಯಿತೆಂದು ಯಾವ ಸೂಚನೆಯೂ ಹೊರಡುವುದಿಲ್ಲ. ಎರಡು ಚರಗಳೂ ತುಂಬಿರುತ್ತವೆ, ಎರಡೂ ಅಸತ್ಯ.

ಪ್ರಕರಣವೆಂದರೆ ಒಂದು ಸಾಲು ಯಾರನ್ನು ಕುರಿತ ಪ್ರಸಂಗದಲ್ಲಿ ಬಂದಿದೆ ಎಂಬುದು. ಇಫ್‌ಕಾನ್ಫಿಗಿನ ಉತ್ತರದಲ್ಲಿ ಇಂಟರ್‌ಫೇಸಿನ ಹೆಸರು ಒಂದು ಸಾಲಿನಲ್ಲಿಯೂ, ವಿಳಾಸವು ಅದರ ಕೆಳಗಿನ ಸಾಲಿನಲ್ಲಿಯೂ ಇರುತ್ತವೆ. ಸಾಲುಸಾಲಾಗಿ ಹುಡುಕುವ ಗ್ರೆಪ್ ಎಂಬ ಆಜ್ಞೆಯು ವಿಳಾಸದ ಸಾಲನ್ನು ಪ್ರಕರಣದಿಂದ ಕಿತ್ತು ತರುತ್ತದೆ. ಆಗ ವಿಳಾಸವು ಯಾರದೆಂದು ಹೇಳುವುದಕ್ಕೆ ಆಧಾರವು ಉಳಿಯುವುದಿಲ್ಲ. ಐಪಿ ಆಜ್ಞೆಗೆ ‘ಮೈನಸ್ ಓ’ ಎಂಬ ವಿಕಲ್ಪವನ್ನು ಕೊಟ್ಟರೆ ಇಂಟರ್‌ಫೇಸಿನ ಹೆಸರೂ ವಿಳಾಸವೂ ಒಂದೇ ಸಾಲಿನಲ್ಲಿ ಬರುತ್ತವೆ. ಪ್ರಕರಣದಿಂದ ತಿಳಿಯಬೇಕಾಗಿದ್ದ ಸಂಬಂಧವು ಇಲ್ಲಿ ಏಕವಾಕ್ಯತೆಯಿಂದಲೇ ಸಿದ್ಧಿಸುತ್ತದೆ. ಆದುದರಿಂದ ವಾಕ್ಯವು ಪ್ರಕರಣಕ್ಕಿಂತ ಪ್ರಬಲ.

ವಾಕ್ಯಕ್ಕಿಂತ ಪ್ರಬಲವಾದುದು ಲಿಂಗ, ಎಂದರೆ ಅರ್ಥವನ್ನು ಸೂಚಿಸುವ ಸಾಮರ್ಥ್ಯವುಳ್ಳ ಪದ. ಮೇಲಿನ ಸಾಲಿನಲ್ಲಿ ‘ವಯಾ’ ಎಂಬ ಪದವು ತನ್ನ ಮುಂದಿರುವುದು ಗೇಟ್‌ವೇಯೆಂದೂ, ‘ಡೆವ್’ ಎಂಬುದು ತನ್ನ ಮುಂದಿರುವುದು ಇಂಟರ್‌ಫೇಸೆಂದೂ, ‘ಎಸ್‌ಆರ್‌ಸಿ’ ಎಂಬುದು ತನ್ನ ಮುಂದಿರುವುದು ಸ್ವವಿಳಾಸವೆಂದೂ ತಿಳಿಸುತ್ತವೆ. ಆದುದರಿಂದ ಸ್ಕ್ರಿಪ್ಟು ಪದಗಳನ್ನು ಎಣಿಸದೆ, ಮೊದಲಿನಿಂದ ಕೊನೆಯವರೆಗೆ ಒಂದೊಂದನ್ನೇ ನೋಡುತ್ತ ಹೋಗಿ, ‘ವಯಾ’ ಎಂಬುದು ಸಿಕ್ಕಿದಾಗ ಅದರ ಮುಂದಿನ ಪದವನ್ನು ಗ್ರಹಿಸತಕ್ಕದ್ದು. ಆಕ್ ಭಾಷೆಯಲ್ಲಿ ಇದಕ್ಕೆ ಒಂದೇ ಸಾಲಿನ ಆವರ್ತನವು ಸಾಕು. ‘ವಯಾ’ ಇಲ್ಲದ ಉತ್ತರದಲ್ಲಿ ಗೇಟ್‌ವೇಯ ಚರವು ಬರಿದಾಗಿ ಉಳಿಯುತ್ತದೆ. ಬರಿದಾಗಿ ಉಳಿಯುವುದು ಅಸತ್ಯದಿಂದ ತುಂಬುವುದಕ್ಕಿಂತ ಮೇಲು.

ಸರ್ವಪ್ರಬಲವಾದುದು ಶ್ರುತಿ, ಎಂದರೆ ಸಾಕ್ಷಾತ್ತಾಗಿ ಹೇಳಿದುದು. ಕಾಲಕ್ರಮದಲ್ಲಿ ಐಪಿ ಆಜ್ಞೆಗೆ ಜೇಸನ್ ಎಂಬ ರೂಪದಲ್ಲಿ ಉತ್ತರವನ್ನು ಕೊಡುವ ಶಕ್ತಿಯು ಸೇರಿತು; ‘ಮೈನಸ್ ಜೆ’ ಎಂಬುದು ಅದರ ವಿಕಲ್ಪ. ಈ ರೂಪದಲ್ಲಿ ಪ್ರತಿಯೊಂದು ಮೌಲ್ಯವೂ ತನ್ನ ಹೆಸರಿನೊಡನೆಯೇ ಬರುತ್ತದೆ: ‘ಗೇಟ್‌ವೇ’ ಎಂಬ ಹೆಸರಿಗೆ ಇಂತಹ ವಿಳಾಸ, ‘ಡೆವ್’ ಎಂಬ ಹೆಸರಿಗೆ ಇಂತಹ ಇಂಟರ್‌ಫೇಸ್ ಎಂದು. ಇದು ಕಣ್ಣಿಗಾಗಿ ಬರೆದುದಲ್ಲ, ಯಂತ್ರವು ಓದಲೆಂದೇ ಬರೆದುದು. ಜೆಕ್ಯೂ ಎಂಬ ಉಪಕರಣದಿಂದ ಬೇಕಾದ ಹೆಸರನ್ನು ಕೇಳಿ ಮೌಲ್ಯವನ್ನು ಪಡೆಯಬಹುದು. ಇಲ್ಲಿಯೂ ಒಂದು ಎಚ್ಚರಿಕೆಯು ಅವಶ್ಯಕ. ಕೇಳಿದ ಹೆಸರು ಇಲ್ಲದಿದ್ದರೆ ಜೆಕ್ಯೂ ಮೌನವಾಗಿರದೆ ‘ನಲ್’ ಎಂಬ ಪದವನ್ನು ಮುದ್ರಿಸುತ್ತದೆ. ಅದನ್ನು ತಡೆಯದಿದ್ದರೆ ಚರದಲ್ಲಿ ‘ನಲ್’ ಎಂಬ ನಾಲ್ಕು ರೋಮನ್ ಅಕ್ಷರಗಳೇ ವಿಳಾಸವಾಗಿ ಕುಳಿತುಕೊಳ್ಳುತ್ತವೆ. ಅಭಾವವನ್ನು ಹೇಳುವ ಪದವನ್ನೇ ಭಾವಪದಾರ್ಥವೆಂದು ತಿಳಿಯುವ ಭ್ರಮೆಯಿದು.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಸ್ಥಾನವನ್ನು ನಂಬಿದ ಸ್ಕ್ರಿಪ್ಟುಗಳು ಎಷ್ಟೋ ಕಡೆ ವರ್ಷಗಟ್ಟಲೆ ಸರಿಯಾಗಿಯೇ ನಡೆದಿವೆ. ಫಲವೇ ಪ್ರಮಾಣವಲ್ಲವೆ ಎಂದು. ಇದಕ್ಕೆ ಸಮಾಧಾನವು ಹೀಗೆ: ಹಾಗೆ ನಡೆದದ್ದು ಉತ್ತರದ ರೂಪವು ಅಷ್ಟು ಕಾಲ ಬದಲಾಗದೆ ಇದ್ದುದರಿಂದಲೇ ಹೊರತು ಲಕ್ಷಣವು ನಿರ್ದುಷ್ಟವಾಗಿದ್ದುದರಿಂದ ಅಲ್ಲ. ಕಾಕತಾಳೀಯವಾದ ಫಲವು ಪ್ರಮಾಣಕ್ಕೆ ಬಲವನ್ನು ಕೊಡಲಾರದು. ಅಲ್ಲದೆ, ಸ್ಥಾನಪ್ರಮಾಣವು ತಪ್ಪಿದಾಗ ಮೌನವಾಗಿ ತಪ್ಪುತ್ತದೆ. ಲಿಂಗಶ್ರುತಿಗಳು ತಪ್ಪಿದಾಗ ಅಭಾವವನ್ನು ತೋರಿಸುತ್ತವೆ. ಈ ಭೇದವೇ ನಿರ್ಣಾಯಕ.

ಯಾವುದನ್ನು ಪ್ರಶ್ನಿಸಬೇಕೆಂಬುದರಲ್ಲಿಯೂ ವಿವೇಕವಿದೆ. ಒಂದೇ ಯಂತ್ರಕ್ಕೆ ತಂತಿಯ ಸಂಪರ್ಕವೂ ನಿಸ್ತಂತು ಸಂಪರ್ಕವೂ ಇದ್ದರೆ ಎರಡು ಡೀಫಾಲ್ಟ್ ಮಾರ್ಗಗಳಿರುತ್ತವೆ. ನೆಟ್‌ವರ್ಕ್‌ಮ್ಯಾನೇಜರ್ ಎಂಬ ವ್ಯವಸ್ಥೆಯು ಸಾಮಾನ್ಯವಾಗಿ ಮೊದಲನೆಯದಕ್ಕೆ ೧೦೦, ಎರಡನೆಯದಕ್ಕೆ ೬೦೦ ಎಂಬ ಮೆಟ್ರಿಕ್ ಸಂಖ್ಯೆಯನ್ನು ಕೊಡುತ್ತದೆ. ಕಡಮೆಯ ಸಂಖ್ಯೆಯ ಮಾರ್ಗವೇ ಗ್ರಾಹ್ಯ. ಸ್ಕ್ರಿಪ್ಟು ಇದನ್ನು ತಾನೇ ತೀರ್ಮಾನಿಸುವುದಕ್ಕಿಂತ, ‘ಐಪಿ ರೂಟ್ ಗೆಟ್’ ಎಂಬ ಆಜ್ಞೆಯೊಡನೆ ಗಮ್ಯಸ್ಥಾನದ ವಿಳಾಸವನ್ನು ಕೊಟ್ಟು, ಯಂತ್ರದ ಹೃದಯವಾದ ಕರ್ನೆಲನ್ನೇ ಕೇಳುವುದು ಯುಕ್ತ. ಹಾಗೆ ಕೇಳಿದರೆ ಜಾಲದ ಮೇಲೆ ಏನೂ ಹೊರಡುವುದಿಲ್ಲ. ‘ಅಲ್ಲಿಗೆ ಹೋಗಬೇಕಾದರೆ ಈ ಮಾರ್ಗ, ಈ ಮುಖ, ಈ ಸ್ವವಿಳಾಸ’ ಎಂಬ ನಿರ್ಣಯವು ಮಾತ್ರ ಬರುತ್ತದೆ. ನೇಮ್‌ಸರ್ವರಿನ ವಿಷಯದಲ್ಲಿಯೂ ಹೀಗೆಯೇ. ರಿಜಾಲ್ವ್-ಕಾನ್ಫ್ ಎಂಬ ಕಡತದಲ್ಲಿ ಇಂದು ಅನೇಕ ಯಂತ್ರಗಳಲ್ಲಿ ೧೨೭.೦.೦.೫೩ ಎಂಬುದೊಂದೇ ಇರುತ್ತದೆ. ಅದು ಯಂತ್ರದೊಳಗಿನ ಪ್ರತಿನಿಧಿಯ ವಿಳಾಸ. ಹೊರಗಿನ ನಿಜವಾದ ನೇಮ್‌ಸರ್ವರುಗಳನ್ನು ರಿಜಾಲ್ವ್‌ಸಿಟಿಎಲ್ ಎಂಬ ಆಜ್ಞೆಯಿಂದ ತಿಳಿಯಬೇಕು.

೪. ಬರಿದಾದ ಚರ

ಗ್ರಹಣದ ಫಲವು ಮೂರು ವಿಧವಾಗಿ ಕೆಡಬಹುದು: ಏನೂ ಬರದಿರುವುದು, ಒಂದಕ್ಕಿಂತ ಹೆಚ್ಚು ಬರುವುದು, ಬಂದುದು ಯೋಗ್ಯವಲ್ಲದಿರುವುದು. ಇವುಗಳಲ್ಲಿ ಮೊದಲನೆಯದನ್ನು ಅಲ್ಪವೆಂದು ಭಾವಿಸುವುದುಂಟು. ಅದು ಅಲ್ಪವಲ್ಲ. ದೂರದ ಊರಿನಲ್ಲಿರುವ ಯಂತ್ರಕ್ಕೆ ರಕ್ಷಣೆಯ ಗೋಡೆಯನ್ನು ಕಟ್ಟುವ ಸ್ಕ್ರಿಪ್ಟನ್ನು ಊಹಿಸಬಹುದು. ‘ಪಾಲಕನ ಜಾಲದಿಂದ ಬಂದವರನ್ನು ಒಳಕ್ಕೆ ಬಿಡು’ ಎಂಬುದು ಮೊದಲನೆಯ ಆಜ್ಞೆ; ‘ಉಳಿದವರನ್ನೆಲ್ಲ ತಡೆ’ ಎಂಬುದು ಎರಡನೆಯದು. ಪಾಲಕನ ಜಾಲದ ಚರವು ಬರಿದಾಗಿದ್ದರೆ ಮೊದಲನೆಯ ಆಜ್ಞೆಯು ಅಪೂರ್ಣವಾಗಿ ತಿರಸ್ಕೃತವಾಗುತ್ತದೆ. ಶೆಲ್ ಸ್ವಭಾವತಃ ಒಂದು ಆಜ್ಞೆಯು ವಿಫಲವಾಯಿತೆಂದು ನಿಲ್ಲುವುದಿಲ್ಲ, ಎರಡನೆಯದನ್ನು ನಡೆಯಿಸಿಬಿಡುತ್ತದೆ. ಆಗ ಪಾಲಕನೂ ಹೊರಗೆ, ಯಂತ್ರವೂ ದೂರ. ಯಾರಾದರೂ ಆ ಊರಿಗೆ ಹೋಗಿ ಯಂತ್ರದ ಮುಂದೆ ಕುಳಿತಲ್ಲದೆ ಪರಿಹಾರವಿಲ್ಲ.

ಚರವು ಬರಿದಾಗುವುದಕ್ಕೆ ಶೆಲ್ಲಿನ ಕೆಲವು ಸ್ವಭಾವಗಳೂ ಕಾರಣ. ಆಜ್ಞೆಯ ಉತ್ತರವನ್ನು ನಾಳದ ಮೂಲಕ ರೀಡ್ ಎಂಬ ಆಜ್ಞೆಗೆ ಹರಿಯಿಸಿದರೆ, ಬ್ಯಾಶ್ ಶೆಲ್ಲು ಆ ರೀಡನ್ನು ಸಾಮಾನ್ಯವಾಗಿ ತನ್ನ ಪ್ರತಿಬಿಂಬವಾದ ಮತ್ತೊಂದು ಶೆಲ್ಲಿನಲ್ಲಿ ನಡೆಯಿಸುತ್ತದೆ. ಆ ಪ್ರತಿಬಿಂಬವು ಮುಗಿದೊಡನೆ ಅದು ತುಂಬಿದ ಚರವೂ ನಾಶವಾಗುತ್ತದೆ. ಮೂಲದಲ್ಲಿ ಏನೂ ಉಳಿಯುವುದಿಲ್ಲ. ಕಾರ್ನ್ ಶೆಲ್ಲಿನಲ್ಲಿಯೂ ಜೆಡ್ ಶೆಲ್ಲಿನಲ್ಲಿಯೂ ಹೀಗಾಗುವುದಿಲ್ಲವಾದುದರಿಂದ ಒಂದೆಡೆ ಸರಿಯಾಗಿ ನಡೆದುದು ಮತ್ತೊಂದೆಡೆ ಕೆಡುತ್ತದೆ. ನಾಳದ ಸಾಫಲ್ಯವೈಫಲ್ಯಗಳನ್ನು ಅದರ ಕೊನೆಯ ಆಜ್ಞೆಯಿಂದಲೇ ಶೆಲ್ ಅಳೆಯುವುದು ಎರಡನೆಯ ಸ್ವಭಾವ. ಪ್ರಶ್ನಿಸಿದ ಐಪಿ ಆಜ್ಞೆಯು ವಿಫಲವಾಗಿದ್ದರೂ ಕೊನೆಯಲ್ಲಿರುವ ಆಕ್ ಸುಮ್ಮನೆ ಮುಗಿದರೆ ಎಲ್ಲವೂ ಸಫಲವೆಂದೇ ವರದಿಯಾಗುತ್ತದೆ. ಪೈಪ್‌ಫೇಲ್ ಎಂಬ ವಿಕಲ್ಪವು ಇದಕ್ಕೆ ಪರಿಹಾರ. ಅದು ೨೦೨೪ರಲ್ಲಿ ಪೋಸಿಕ್ಸ್ ಎಂಬ ಪ್ರಮಾಣಗ್ರಂಥದಲ್ಲಿಯೂ ಸ್ಥಾನವನ್ನು ಪಡೆದಿದೆ.

‘ಸೆಟ್ ಮೈನಸ್ ಯು’ ಎಂಬ ಆಜ್ಞೆಯಿಂದ ಬರಿದಾದ ಚರಗಳನ್ನು ಹಿಡಿಯಬಹುದೆಂದು ಕೆಲವರ ಮತ. ಅದು ಅರ್ಧ ಮಾತ್ರ ಸತ್ಯ. ಆ ಆಜ್ಞೆಯು ಎಂದೂ ಹೆಸರಿಡದ ಚರವನ್ನು ಹಿಡಿಯುತ್ತದೆ. ಹೆಸರಿಟ್ಟು ಶೂನ್ಯವನ್ನು ತುಂಬಿದ ಚರವನ್ನು ಹಿಡಿಯುವುದಿಲ್ಲ. ಗ್ರಹಣವು ವಿಫಲವಾದಾಗ ಉಂಟಾಗುವುದು ಎರಡನೆಯದೇ. ಅದಕ್ಕಾಗಿ ಚರವನ್ನು ಬಳಸುವಲ್ಲಿ ಹೆಸರಿನ ಮುಂದೆ ಕೋಲನ್ನನ್ನೂ ಪ್ರಶ್ನಚಿಹ್ನೆಯನ್ನೂ ಇಟ್ಟು ಬರೆಯುವ ರೂಪವೊಂದಿದೆ. ಚರವು ಇಲ್ಲದಿದ್ದರೂ, ಇದ್ದು ಬರಿದಾಗಿದ್ದರೂ, ಸ್ಕ್ರಿಪ್ಟು ಅಲ್ಲಿಯೇ ನಿಲ್ಲುತ್ತದೆ. ದೂರದ ಯಂತ್ರದ ಮಾರ್ಗಗಳನ್ನಾಗಲಿ ರಕ್ಷಣೆಯ ನಿಯಮಗಳನ್ನಾಗಲಿ ಮುಟ್ಟುವ ಸ್ಕ್ರಿಪ್ಟಿನಲ್ಲಿ ಈ ರೂಪವನ್ನು ಬಿಡತಕ್ಕದ್ದಲ್ಲ.

೫. ಶಬ್ದಸ್ವರೂಪವೂ ಆಜ್ಞೆಯೂ

ಇದುವರೆಗೆ ಹೇಳಿದ ದೋಷಗಳು ಪಾಲಕನ ಅಜಾಗ್ರತೆಯಿಂದ ಹುಟ್ಟತಕ್ಕವು. ಅದಕ್ಕಿಂತ ಘೋರವಾದ ಮತ್ತೊಂದು ದೋಷದಲ್ಲಿ ಪರರ ದುರುದ್ದೇಶಕ್ಕೆ ದಾರಿಯು ತೆರೆಯುತ್ತದೆ. ಜಾಲವಿವರಗಳಲ್ಲಿ ಬಹುಭಾಗವು ಯಂತ್ರದೊಳಗೆ ಹುಟ್ಟಿದುದಲ್ಲ. ೧೯೯೩ರಲ್ಲಿ ನಿರೂಪಿತವಾದ ಡಿಹೆಚ್‌ಸಿಪಿ ಎಂಬ ಕ್ರಮದಂತೆ, ಯಂತ್ರವು ಜಾಲಕ್ಕೆ ಸೇರಿದಾಗ ‘ನನಗೆ ವಿಳಾಸವನ್ನು ಕೊಡಿ’ ಎಂದು ಕೂಗುತ್ತದೆ; ಆ ಜಾಲದಲ್ಲಿರುವ ಸರ್ವರೊಂದು ವಿಳಾಸ, ಗೇಟ್‌ವೇ, ನೇಮ್‌ಸರ್ವರ್ ಮುಂತಾದವನ್ನು ತಿಳಿಸುತ್ತದೆ. ಉತ್ತರವನ್ನು ಕೊಟ್ಟವರು ಯಾರೆಂದು ಸಾಮಾನ್ಯವಾಗಿ ಪರೀಕ್ಷೆಯಿಲ್ಲ. ಹೀಗಿರಲು ಚರದಲ್ಲಿ ತುಂಬುವ ಮೌಲ್ಯವು ಪರವಾಕ್ಯ. ಆಪ್ತವಾಕ್ಯವೆಂದು ಅದನ್ನು ನಂಬತಕ್ಕದ್ದಲ್ಲ.

ವ್ಯಾಕರಣಶಾಸ್ತ್ರದಲ್ಲಿ ಶಬ್ದವನ್ನು ಅದರ ಸ್ವರೂಪಕ್ಕಾಗಿ ಹೇಳುವುದಕ್ಕೂ ಅದರ ಅರ್ಥಕ್ಕಾಗಿ ಹೇಳುವುದಕ್ಕೂ ಭೇದವನ್ನು ಜಾಗರೂಕತೆಯಿಂದ ಕಾಪಾಡಿದ್ದಾರೆ. ‘ಅಗ್ನಿಯನ್ನು ತಾ’ ಎಂದರೆ ಬೆಂಕಿಯನ್ನು ತರಬೇಕು. ‘ಅಗ್ನಿ ಎಂಬುದಕ್ಕೆ ಪ್ರತ್ಯಯವನ್ನು ಸೇರಿಸು’ ಎಂದರೆ ಆ ಶಬ್ದಕ್ಕೆ ಸೇರಿಸಬೇಕಲ್ಲದೆ ಕೆಂಡಕ್ಕಲ್ಲ. ಶೆಲ್ಲಿನಲ್ಲಿ ಉದ್ಧರಣ ಚಿಹ್ನೆಗಳು ಮಾಡುವ ಕಾರ್ಯವೂ ಇದೇ. ಚಿಹ್ನೆಯೊಳಗೆ ಇದ್ದರೆ ಅದು ಸ್ವರೂಪಮಾತ್ರ. ಹೊರಗೆ ಬಿದ್ದರೆ ಅದು ಆಜ್ಞೆಯಾಗಬಹುದು. ಪರವಾಕ್ಯವು ಸ್ವರೂಪದಿಂದ ಜಾರಿ ಆಜ್ಞೆಯಾದರೆ ಏನಾಗುತ್ತದೆ ಎಂಬುದಕ್ಕೆ ಎರಡು ಪ್ರಸಿದ್ಧ ನಿದರ್ಶನಗಳಿವೆ.

ಮೊದಲನೆಯದು ೨೦೧೪ರ ಸೆಪ್ಟೆಂಬರ್ ೨೪ರಂದು ಪ್ರಕಟವಾದ, ಶೆಲ್‌ಶಾಕ್ ಎಂದು ಹೆಸರಾದ ಬ್ಯಾಶ್ ಶೆಲ್ಲಿನ ದೋಷ. ಅದನ್ನು ಕಂಡುಹಿಡಿದವರು ಸ್ಟೆಫಾನ್ ಶಾಜೆಲಾ ಎಂಬವರು. ಪರಿಸರದಿಂದ ಬಂದ ಚರವೊಂದರ ಮೌಲ್ಯವು ಕಾರ್ಯವಿಧಿಯ ವ್ಯಾಖ್ಯೆಯಂತೆ ಆರಂಭವಾದರೆ, ಬ್ಯಾಶ್ ಅದನ್ನು ಓದುವಾಗ ವ್ಯಾಖ್ಯೆಯು ಮುಗಿದ ಮೇಲೂ ನಿಲ್ಲದೆ, ಮುಂದೆ ಬರೆದಿದ್ದ ಆಜ್ಞೆಯನ್ನೂ ನಡೆಯಿಸಿಬಿಡುತ್ತಿತ್ತು. ಡಿಹೆಚ್‌ಸಿಪಿಯ ಉತ್ತರವನ್ನು ಪಡೆಯುವ ಡಿಹೆಚ್‌ಕ್ಲಯಂಟ್ ಎಂಬ ತಂತ್ರಾಂಶವು ಸರ್ವರು ಹೇಳಿದ ಮೌಲ್ಯಗಳನ್ನು ಪರಿಸರದ ಚರಗಳಲ್ಲಿಟ್ಟು ತನ್ನ ಸ್ಕ್ರಿಪ್ಟನ್ನು ಕರೆಯುತ್ತಿತ್ತು. ಆ ಸ್ಕ್ರಿಪ್ಟನ್ನು ಬ್ಯಾಶ್ ನಡೆಯಿಸುತ್ತಿದ್ದ ಯಂತ್ರಗಳಲ್ಲಿ, ದುಷ್ಟವಾದ ಜಾಲಕ್ಕೆ ಸೇರಿದುದಷ್ಟರಿಂದಲೇ ಯಂತ್ರವು ಪರಾಧೀನವಾಗುವ ಸಂಭವವಿತ್ತು. ಇಲ್ಲಿ ಸ್ಕ್ರಿಪ್ಟನ್ನು ಬರೆದವನ ಅಪರಾಧವು ಏನೂ ಇಲ್ಲ. ಶೆಲ್ಲೇ ಸ್ವರೂಪವನ್ನು ಆಜ್ಞೆಯೆಂದು ತಿಳಿಯಿತು.

ಎರಡನೆಯದು ಪ್ರಕೃತ ವಿಷಯಕ್ಕೆ ಇನ್ನೂ ಸಮೀಪವಾದುದು. ೨೦೧೮ರ ಮೇ ತಿಂಗಳಲ್ಲಿ ಫೆಲಿಕ್ಸ್ ವಿಲ್ಹೆಲ್ಮ್ ಎಂಬವರು ಕಂಡುಹಿಡಿದ ದೋಷವೊಂದು ಪ್ರಕಟವಾಯಿತು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸಿನ ೬ ಮತ್ತು ೭ನೆಯ ಆವೃತ್ತಿಗಳಲ್ಲಿಯೂ ಫೆಡೋರಾದಲ್ಲಿಯೂ, ನೆಟ್‌ವರ್ಕ್‌ಮ್ಯಾನೇಜರಿನ ಚರಗಳಿಂದ ಜಾಲವಿವರಗಳನ್ನು ಗ್ರಹಿಸಿ ಹೊಸ ಚರಗಳಲ್ಲಿ ಇಡುವ ಒಂದು ಸಣ್ಣ ಸ್ಕ್ರಿಪ್ಟು ಇತ್ತು. ಅದರ ಕ್ರಮವು ಹೀಗೆ: ಡಿಕ್ಲೇರ್ ಎಂಬ ಆಜ್ಞೆಯಿಂದ ಎಲ್ಲ ಚರಗಳನ್ನೂ ಮುದ್ರಿಸುವುದು; ಗ್ರೆಪ್ಪಿನಿಂದ ಡಿಹೆಚ್‌ಸಿಪಿಯವನ್ನು ಆರಿಸುವುದು; ರೀಡಿನಿಂದ ಒಂದೊಂದು ಸ��ಲನ್ನು ಓದಿ ಹೊಸ ಹೆಸರನ್ನಿಟ್ಟು ಹೊರಡಿಸುವುದು; ಕೊನೆಗೆ ಹಾಗೆ ಸಿದ್ಧವಾದ ಪಾಠವನ್ನೆಲ್ಲ ಇವ್ಯಾಲ್ ಎಂಬ ಆಜ್ಞೆಗೆ ಒಪ್ಪಿಸುವುದು. ಇವ್ಯಾಲಿನ ಕಾರ್ಯವು ಕೊಟ್ಟ ಪಾಠವನ್ನು ಆಜ್ಞೆಯಾಗಿ ಓದುವುದೇ.

ಡಿಕ್ಲೇರ್ ಮುದ್ರಿಸುವಾಗ ಮೌಲ್ಯವನ್ನು ಉದ್ಧರಣ ಚಿಹ್ನೆಗಳ ನಡುವೆ ಇಡುತ್ತದೆ. ಮೌಲ್ಯದೊಳಗೇ ಉದ್ಧರಣ ಚಿಹ್ನೆಯು ಇದ್ದರೆ ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಎಂಬ ಓರೆಗೆರೆಯನ್ನಿಟ್ಟು, ಅದು ಅಂತ್ಯಸೂಚಕವಲ್ಲ, ಅಕ್ಷರಮಾತ್ರವೆಂದು ತೋರಿಸುತ್ತದೆ. ಇಲ್ಲಿಯವರೆಗೆ ಎಲ್ಲವೂ ಕ್ಷೇಮ. ಆದರೆ ರೀಡ್ ಆಜ್ಞೆಯು, ‘ಮೈನಸ್ ಆರ್’ ಎಂಬ ವಿಕಲ್ಪವನ್ನು ಕೊಡದಿದ್ದರೆ, ಓದುವಾಗ ಓರೆಗೆರೆಗಳನ್ನು ನುಂಗಿಬಿಡುತ್ತದೆ. ಆ ಸ್ಕ್ರಿಪ್ಟಿನಲ್ಲಿ ಆ ವಿಕಲ್ಪವಿರಲಿಲ್ಲ. ಓರೆಗೆರೆಯು ಹೋದೊಡನೆ ಒಳಗಿನ ಚಿಹ್ನೆಯು ಅಂತ್ಯಸೂಚಕವಾಯಿತು. ಅದರ ಮುಂದೆ ದುಷ್ಟಸರ್ವರು ಬರೆದುದು ಉದ್ಧರಣದಿಂದ ಹೊರಬಿದ್ದು ಇವ್ಯಾಲಿನ ಕೈಯಲ್ಲಿ ಆಜ್ಞೆಯಾಯಿತು. ಆ ಸ್ಕ್ರಿಪ್ಟು ಯಂತ್ರದ ಸರ್ವಾಧಿಕಾರಿಯಾದ ರೂಟ್ ಎಂಬವನ ಹೆಸರಿನಲ್ಲಿ ನಡೆಯುತ್ತಿದ್ದುದರಿಂದ, ಪರನ ಆಜ್ಞೆಗೂ ಅದೇ ಅಧಿಕಾರವು ದೊರೆಯಿತು. ಇದಕ್ಕೆ ಮಾಡಿದ ತಿದ್ದುಪಾಡು ರೀಡಿಗೆ ‘ಮೈನಸ್ ಆರ್’ ಎಂಬುದನ್ನು ಸೇರಿಸಿದುದು. ಒಂದು ಮಾತ್ರೆಯ ಲೋಪದಿಂದ ಅರ್ಥವು ವಿಪರೀತವಾಗುವುದೆಂದು ಶಿಕ್ಷಾಶಾಸ್ತ್ರದವರು ಹೇಳುವುದು ಅತಿಶಯೋಕ್ತಿಯೆಂದು ಭಾವಿಸುವವರು ಈ ದೃಷ್ಟಾಂತವನ್ನು ಪರಿಶೀಲಿಸಬಹುದು.

೬. ನಿಷ್ಕರ್ಷ

ಮೇಲಿನ ವಿಚಾರದಿಂದ ಸಿದ್ಧವಾಗುವ ನಿಯಮಗಳನ್ನು ಸಂಗ್ರಹವಾಗಿ ಹೇಳಬಹುದು. ಯಂತ್ರಕ್ಕೆಂದೇ ಬರೆದ ಉತ್ತರವು ದೊರೆಯುವಾಗ ಕಣ್ಣಿಗೆಂದು ಬರೆದ ಉತ್ತರವನ್ನು ಸೀಳತಕ್ಕದ್ದಲ್ಲ. ಅಂತಹುದು ದೊರೆಯದಿದ್ದರೆ ಗುರುತಿನ ಪದವನ್ನು ನಂಬಬೇಕು. ಎಣಿಕೆಯನ್ನಾಗಲಿ ರೂಢಿಯ ಹೆಸರನ್ನಾಗಲಿ ನಂಬಬಾರದು. ಯಂತ್ರದ ಭಾಷೆಯು ಬದಲಾದರೂ ಉತ್ತರವು ಬದಲಾಗದಂತೆ, ಪ್ರಶ್ನಿಸುವುದಕ್ಕೆ ಮೊದಲು ಎಲ್‌ಸಿ-ಆಲ್ ಎಂಬ ಚರಕ್ಕೆ ‘ಸಿ’ ಎಂಬ ಮೌಲ್ಯವನ್ನು ಕೊಡಬೇಕು. ತೀರ್ಮಾನಿಸುವ ಕರ್ನೆಲನ್ನು ಕೇಳಲು ಅವಕಾಶವಿರುವಲ್ಲಿ ಸ್ಕ್ರಿಪ್ಟು ತಾನೇ ತೀರ್ಮಾನಿಸಬಾರದು. ಗ್ರಹಿಸಿದ ಮೌಲ್ಯವು ಬರಿದೇ, ಒಂದೇ, ವಿಳಾಸದ ರೂಪವುಳ್ಳುದೇ ಎಂದು ಕಾರ್ಯಕ್ಕೆ ಮೊದಲು ಪರೀಕ್ಷಿಸಿ, ಸಂದೇಹವಿದ್ದರೆ ನಿಲ್ಲಬೇಕು. ಚರವನ್ನು ಬಳಸುವಲ್ಲೆಲ್ಲ ಉದ್ಧರಣ ಚಿಹ್ನೆಯೊಳಗೇ ಬಳಸಬೇಕು. ರೀಡಿಗೆ ‘ಮೈನಸ್ ಆರ್’ ವಿಕಲ್ಪವನ್ನು ಬಿಡಬಾರದು. ಜಾಲದಿಂದ ಬಂದುದನ್ನು ಇವ್ಯಾಲಿನ ಬಳಿಗೆ ಒಯ್ಯಲೇಬಾರದು.

ಇವುಗಳಲ್ಲಿ ಕೆಲವು ಗ್ರಹಣಕ್ಕೆ ಸಂಬಂಧಿಸಿದವು, ಕೆಲವು ರಕ್ಷಣಕ್ಕೆ ಸಂಬಂಧಿಸಿದವು. ಎರಡಕ್ಕೂ ಮೂಲವು ಒಂದೇ. ಯಂತ್ರದ ಉತ್ತರವು ಮತ್ತೊಬ್ಬರ ವಾಕ್ಯ. ಅದರ ಅರ್ಥವನ್ನು ತಿಳಿಯುವಾಗ ಅರ್ಥಕ್ಕೆ ಸಮೀಪವಾದ ಪ್ರಮಾಣವನ್ನೇ ಹಿಡಿಯಬೇಕು. ತಿಳಿದ ಮೇಲೆ ಅದನ್ನು ವಾಕ್ಯವಾಗಿಯೇ ಇಟ್ಟುಕೊಳ್ಳಬೇಕಲ್ಲದೆ ತನ್ನ ಸಂಕಲ್ಪವಾಗಿ ಮಾಡಿಕೊಳ್ಳಬಾರದು. ಐದು ಚರಗಳನ್ನು ತುಂಬುವ ಹತ್ತು ಸಾಲಿನ ಸ್ಕ್ರಿಪ್ಟು ಅಲ್ಪವೆಂದು ತೋರಬಹುದು. ಆದರೆ ಅದು ರೂಟಿನ ಅಧಿಕಾರದಿಂದ, ನೂರು ಯಂತ್ರಗಳಲ್ಲಿ, ನೋಡುವವರು ಯಾರೂ ಇಲ್ಲದ ಹೊತ್ತಿನಲ್ಲಿ ನಡೆಯುತ್ತದೆ. ಆದುದರಿಂದ ಅದರ ಒಂದೊಂದು ಚಿಹ್ನೆಯೂ ವಿಚಾರಕ್ಕೆ ಅರ್ಹವಾಗಿದೆ.